ಗಾರೆ ಕೆಲ್ಸದ ಹೆಂಗಸರಿಗೆ ಲೇಬರ್ ಕಾರ್ಡ್ ಮಾಡಿಸಿದ್ದು: ನನ್ನ ಅನುಭವ

ನಾನು ಗಾರೆ ಮೇಸ್ತ್ರಿ, ನನ್ ಜೊತೆ ಹದಿನಾಲ್ಕು ಜನ ಕೆಲ್ಸ ಮಾಡ್ತಾರೆ, ಅದ್ರಲ್ಲಿ ಆರು ಜನ ಹೆಂಗಸರು. ನಮ್ ರಾಜ್ಯದಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಶುರುವಾಗಿದ್ದು 2007ರಲ್ಲಿ. ಕಟ್ಟಡದ ಖರ್ಚಿನ ಮೇಲೆ 1% ಸೆಸ್ ವಸೂಲಿ ಮಾಡಿ ಆ ದುಡ್ಡಲ್ಲೇ ಪಿಂಚಣಿ, ಹೆರಿಗೆ ಸಹಾಯ, ಮಕ್ಕಳ ಓದು, ಅಪಘಾತ ಪರಿಹಾರ ಎಲ್ಲಾ ಲೇಬರ್ ಕಾರ್ಡ್ ಇರೋರಿಗೆ ಕೊಡ್ತಾರೆ. ಆದ್ರೆ ನಮ್ ಟೀಮಲ್ಲಿ ಕಾರ್ಡ್ ಇದ್ದಿದ್ದು ಬರೀ ಗಂಡಸರಿಗೆ. ಹೆಂಗಸರನ್ನ ಕೇಳಿದ್ರೆ "ನಮ್ಮನೆಯೋರ ಹೆಸ್ರಲ್ಲಿ ಐತಲ್ಲಣ್ಣ" ಅಂತಿದ್ರು.

ಕಾರ್ಡ್‌ಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲ್ಸ ಮಾಡಿರೋದಕ್ಕೆ ಸರ್ಟಿಫಿಕೇಟ್ ಬೇಕು. ಅದನ್ನ ಬರೆಯೋಕೆ ಅಂತ ಹಾಜರಿ ಪುಸ್ತಕ ತೆಗೆದಾಗ ತಪ್ಪು ನಂದೇ ಅಂತ ಗೊತ್ತಾಯ್ತು, ಯಾಕಂದ್ರೆ ಗಂಡ ಹೆಂಡ್ತಿ ಇಬ್ರುನೂ ಸೇರಿಸಿ "ಜೋಡಿ" ಅಂತ ಗಂಡನ ಹೆಸ್ರಲ್ಲಿ ಒಂದೇ ಸಾಲು ಬರೀತಿದ್ದೆ, ಶನಿವಾರದ ಬಟವಾಡೆನೂ ಅವನ ಕೈಗೇ ಕೊಡ್ತಿದ್ದೆ. ದಿನಾ ಬಾಂಡ್ಲಿ ಹೊತ್ತು ಮೂರನೇ ಮಹಡಿಗೆ ಹತ್ತೋಳ ಹೆಸ್ರು ನನ್ ಪುಸ್ತಕದಲ್ಲಿ ಎಲ್ಲೂ ಇರ್ಲಿಲ್ಲ. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ ನಂಗೆ.

ಮಾರನೇ ದಿನವೇ ಹೊಸ ಪುಸ್ತಕ ತಂದು ಒಬ್ಬೊಬ್ರಿಗೂ ಒಂದೊಂದು ಸಾಲು ಹಾಕ್ದೆ, 90 ದಿನ ತುಂಬೋವರೆಗೂ ಕಾದು ಸರ್ಟಿಫಿಕೇಟ್ ಬರ್ಕೊಟ್ಟೆ. ಆಮೇಲೆ ಆಧಾರ್ ತೊಂದ್ರೆ. ಒಬ್ರು ಅಕ್ಕನ ಓಟಿಪಿ ಗಂಡನ ಫೋನಿಗೆ ಹೋಗ್ತಿತ್ತು, ಅವನು ಬೇರೆ ಊರಲ್ಲಿ ಸೆಂಟ್ರಿಂಗ್ ಕೆಲ್ಸಕ್ಕೆ ಹೋಗಿದ್ದ. ನಂಬರ್ ಬದಲಾಯಿಸೋಣ ಅಂದ್ರೆ ಸಿಮೆಂಟ್ ತಿಂದು ಬೆರಳಿನ ಗೆರೆಗಳೇ ಸವೆದೋಗಿದ್ವು, ಹತ್ತು ಬೆರಳಲ್ಲಿ ಒಂದೂ ಮಷಿನ್ನಲ್ಲಿ ತಗೊಳ್ಲಿಲ್ಲ. ಕೊನೆಗೆ ಕಣ್ಣಿನ ಸ್ಕ್ಯಾನ್ ಮಾಡಿ ಅಂತ ಕೂತು ಮಾಡ್ಸಿದ್ವಿ. ನಿಮ್ ಟೀಮಲ್ಲೂ ಹೀಗಾದ್ರೆ ಕಣ್ಣಿನದ್ದೇ ಕೇಳಿ, ವಾಪಸ್ ಬರ್ಬೇಡಿ. ಸರ್ಟಿಫಿಕೇಟ್‌ಗೆ ಕಂಟ್ರಾಕ್ಟರ್ ಸೈನ್ ಹಾಕಲ್ಲ ಅಂದ್ರೂ ಸುಮ್ನಾಗ್ಬೇಡಿ, ಲೇಬರ್ ಇನ್ಸ್‌ಪೆಕ್ಟರ್ ಹತ್ರ ಹೋಗಿ ಕೇಳಿ.

ಆರೂ ಜನಕ್ಕೆ ಕಾರ್ಡ್ ಬಂತು. ಆದ್ರೆ ಸಾಲು ಬೇರೆ ಬೇರೆ ಆದಾಗ ಇನ್ನೊಂದು ಕಣ್ಣಿಗೆ ಬಿತ್ತು, ಗಂಡು ಹೆಲ್ಪರ್‌ಗೊಂದು ಕೂಲಿ, ಹೆಣ್ಣು ಹೆಲ್ಪರ್‌ಗೊಂದು ಕೂಲಿ, ಹೊರೋ ಇಟ್ಟಿಗೆ ಮಾತ್ರ ಅಷ್ಟೇ. ಸಮಾನ ವೇತನದ ಕಾನೂನು 1976ರಲ್ಲೇ ಬಂದಿದೆ. ಜೋಡಿ ಲೆಕ್ಕದಲ್ಲಿ ಈ ವ್ಯತ್ಯಾಸ ಮುಚ್ಚಿಹೋಗಿತ್ತು. ಹೋದ ವಾರ ಕೊಟ್ಟ ಕೊಟೇಷನ್‌ನಲ್ಲಿ ಹೆಲ್ಪರ್ ಅಂತ ಒಂದೇ ರೇಟ್ ಹಾಕಿದೀನಿ. ಓನರ್ ಜಾಸ್ತಿ ಆಯ್ತು ಅಂತಿದಾರೆ, ನಾನು ಇಳಿಸಿಲ್ಲ.