ಮೂಕಪ್ರಾಣಿಯ ಮೇಲೆ ಲೈಂಗಿಕ ದೌರ್ಜನ್ಯ: ದೂರು ಕೊಡುವುದು ಹೇಗೆ?

ಮುಂಬೈಯ ಪೂರ್ವ ಉಪನಗರದಲ್ಲಿ ಹೋಟೆಲು ನಡೆಸುವ ಕುಂದಾಪುರ ಕಡೆಯ ಪರಿಚಯದವರೊಬ್ಬರು ಒಂದು ದಿನ ಬೆಳಗ್ಗೆ ಐದೂವರೆಗೆ ಫೋನ್ ಮಾಡಿದರು. ಹಾಲಿನ ಕ್ರೇಟು ಇಳಿಸಿಕೊಳ್ಳಲು ಶಟರ್ ಎತ್ತಿದರೆ, ದಿನಾ ಬನ್ನಿಗೆ ಬಾಲ ಆಡಿಸುತ್ತ ಬರುವ ಹೆಣ್ಣುನಾಯಿ ಮೆಟ್ಟಿಲ ಕೆಳಗೆ ಮುದುಡಿ ಮಲಗಿದೆ. ಹಿಂಗಾಲು ಊರುತ್ತಿಲ್ಲ, ರಕ್ತ ಬೇರೆ. ಹಿಂದಿನ ಗಲ್ಲಿಯ ವಾಚ್‌ಮನ್ ರಾತ್ರಿ ಕಂಡದ್ದನ್ನು ತಡವರಿಸುತ್ತ ಹೇಳಿದ. ನಾನು ಹೋಗುವಷ್ಟರಲ್ಲಿ ಹೋಟೆಲಿನವರು ಬಿಸಿನೀರಿಗೆ ಅರಿಶಿನ ಹಾಕಿ ನಾಯಿಯನ್ನು ಚೆನ್ನಾಗಿ ತೊಳೆದು, ಗೋಣಿಯ ಮೇಲೆ ಮಲಗಿಸಿದ್ದರು. ‘ಹಾಗೇ ಬಿಡ್ಲಿಕ್ಕೆ ಮನಸ್ಸು ಬರ್ಲಿಲ್ಲ ಮಾರಾಯ್ರೆ’ ಎಂದರು. ಅವರನ್ನು ಹೇಗೆ ಬೈಯುವುದು? ಆದರೆ ಆ ನೀರಿನೊಂದಿಗೆ ಅರ್ಧ ಪುರಾವೆ ಚರಂಡಿ ಸೇರಿತ್ತು.

ಇಂಥ ಹೊತ್ತಿನಲ್ಲಿ ಏನು ಮಾಡಬೇಕು ಎನ್ನುವುದಕ್ಕೆ ಮೊದಲು ಕಾನೂನು ಈಗ ಎಲ್ಲಿ ನಿಂತಿದೆ ಎಂದು ತಿಳಿದಿರಬೇಕು. 1860ರ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನಲ್ಲಿ ಪ್ರಾಣಿಯೊಂದಿಗಿನ ಸಂಭೋಗಕ್ಕೆ ಹತ್ತು ವರ್ಷದವರೆಗೆ, ಇಲ್ಲವೇ ಜೀವಾವಧಿ ಶಿಕ್ಷೆ ಇತ್ತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಂಬಂಧವನ್ನು ಆ ಕಲಮಿನಿಂದ ಹೊರಗಿಟ್ಟಿತು. ಪ್ರಾಣಿಗಳ ಭಾಗವನ್ನು ಹಾಗೇ ಉಳಿಸಿತು. 2024ರ ಜುಲೈ 1ರಂದು ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಇಡೀ 377 ಬಿದ್ದುಹೋಯಿತು. ಅದನ್ನು ಉಳಿಸಿಕೊಳ್ಳಿ ಎಂದು 2023ರಲ್ಲೇ ಸಂಸದೀಯ ಸ್ಥಾಯಿ ಸಮಿತಿ ಹೇಳಿತ್ತು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಮ್ಮತಿಯ ಪ್ರಶ್ನೆಯೇ ಏಳದ ಮೂಕಪ್ರಾಣಿಯನ್ನೂ ಅದರ ಜೊತೆ ಕೈಬಿಟ್ಟದ್ದು ನನ್ನ ಮಟ್ಟಿಗೆ ಶುದ್ಧ ಅಜಾಗರೂಕತೆ.

ಕೃತ್ಯಕ್ಕೆ ಹೊಸ ಸಂಹಿತೆಯಲ್ಲಿ ಹೆಸರಿಲ್ಲದ ಕಾರಣ ಈಗ ಕೇಸು ನಿಲ್ಲುವುದು ಗಾಯದ ಮೇಲೆ. ಹಾಗಾಗಿ ಠಾಣೆಗಿಂತ ಮೊದಲು ಪಶುವೈದ್ಯರು.

ನಾಯಿಯನ್ನು ತೊಳೆಯಬೇಡಿ, ಔಷಧಿ ಹಚ್ಚಬೇಡಿ. ನೋವಿನಲ್ಲಿರುವ ನಾಯಿ ಅನ್ನ ಹಾಕಿದ ಕೈಯನ್ನೂ ಕಚ್ಚುತ್ತದೆ, ಬಾಯಿಗೆ ಬಟ್ಟೆ ಸಡಿಲವಾಗಿ ಕಟ್ಟಿ. ಒಗೆದ ಹತ್ತಿಯ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಳ್ಳಿ, ಆ ಬಟ್ಟೆಯನ್ನೂ ಎಸೆಯಬೇಡಿ. ಪೊಲೀಸರು ಕೇಳುವವರೆಗೆ ಕಾಗದದ ಚೀಲದಲ್ಲಿಡಿ. ಪ್ಲಾಸ್ಟಿಕ್ಕಿನಲ್ಲಿ ತೇವ ಕಟ್ಟಿ ಎಲ್ಲ ಕೆಡುತ್ತದೆ. ಎತ್ತುವ ಮುನ್ನ ಜಾಗದ ಮತ್ತು ಗಾಯದ ಫೋಟೊ ತೆಗೆಯಿರಿ. ನಂತರ ಪರೇಲಿನ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಆಸ್ಪತ್ರೆಯೋ ಹತ್ತಿರದ ಸರ್ಕಾರಿ ಪಶುವೈದ್ಯರೋ, ಯಾರು ಬೇಗ ಸಿಗುತ್ತಾರೋ ಅವರಲ್ಲಿಗೆ ಹೋಗಿ. ಒಂದೊಂದು ಗಂಟೆ ಕಳೆದಂತೆ ಸ್ವಾಬಿನಲ್ಲಿ, ಅಂದರೆ ವೈದ್ಯರು ಹತ್ತಿಯಿಂದ ಒರೆಸಿ ತೆಗೆಯುವ ಮಾದರಿಯಲ್ಲಿ, ಸಿಗಬಹುದಾದದ್ದು ಕಡಿಮೆಯಾಗುತ್ತದೆ. ಪ್ರಾಣಿ ಸತ್ತಿದ್ದರೆ ಹೂಳಬೇಡಿ, ಮರಣೋತ್ತರ ಪರೀಕ್ಷೆ ಬೇಕೆಂದು ಬರೆದು ಕೊಡಿ.

ವೈದ್ಯರ ಮಾತು ಬರುವವರೆಗೆ ಯಾರ ಮೇಲೂ ಬೆರಳು ತೋರಿಸಬೇಡಿ. ಹೆಣ್ಣುನಾಯಿಗೆ ಬೆದೆಗೆ ಬಂದಾಗಲೂ ರಕ್ತ ಬರುತ್ತದೆ. ಬೀದಿನಾಯಿಗಳಲ್ಲಿ ಕೂಡುವಿಕೆಯಿಂದ ಹರಡುವ ಒಂದು ಗೆಡ್ಡೆಯೂ ಸಾಮಾನ್ಯ, ಅದೂ ಹೀಗೇ ರಕ್ತ ಸುರಿಸುತ್ತದೆ. ಗಲ್ಲಿಯ ಜನಕ್ಕೆ ಒಂದು ಹೆಸರು ಸಿಕ್ಕರೆ ಸಾಕು, ಹೊಡೆದೇ ಬಿಡುತ್ತಾರೆ. ವೈದ್ಯರಿಂದ ಕೇಳಿ ಪಡೆಯಬೇಕಾದ್ದು ಔಷಧಿ ಚೀಟಿಯಲ್ಲ, ಗಾಯದ ಸರ್ಟಿಫಿಕೇಟು: ಎಲ್ಲೆಲ್ಲಿ ಗಾಯ, ಎಷ್ಟು ಉದ್ದ, ಎಷ್ಟು ಹೊತ್ತಿನದು, ಬಲಪ್ರಯೋಗದಿಂದ ಆದದ್ದೇ, ಅಂಗ ಊನವಾಗಿದೆಯೇ. ಸಹಿ, ಸೀಲು, ಮಾದರಿ ತೆಗೆದುಕೊಂಡ ಹೊತ್ತು ಇರಲೇಬೇಕು.

ಈಗ ಠಾಣೆ. ಮುಂಬೈಯಲ್ಲಿ ದೂರು ಕೊಟ್ಟವರಿಗೆಲ್ಲ ಗೊತ್ತಿರುವ ಮಾತು ‘ಎನ್‌ಸಿ’, ಅಂದರೆ ನಾನ್-ಕಾಗ್ನಿಜೆಬಲ್, ಪೊಲೀಸರು ತಾವಾಗಿ ತನಿಖೆ ಮಾಡಲಾಗದ ಅಪರಾಧ. ಡ್ಯೂಟಿ ಅಧಿಕಾರಿ ಒಂದು ಚೀಟಿ ಹರಿದು ಕೊಟ್ಟು ‘ಎನ್‌ಸಿ ಕೇಲಿ ಆಹೆ’ (ಎನ್‌ಸಿ ಮಾಡಿದ್ದೇವೆ) ಎಂದರೆ ತನಿಖೆ ನಡೆಯುವುದಿಲ್ಲ ಎಂದೇ ಅರ್ಥ, ಮ್ಯಾಜಿಸ್ಟ್ರೇಟರ ಆದೇಶ ತಂದರೆ ಮಾತ್ರ ನಡೆಯುತ್ತದೆ. ದೂರನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11(1)(ಎ), ಅಂದರೆ ಹೊಡೆದು ಹಿಂಸಿಸುವುದು, ಇದರ ಅಡಿ ಮಾತ್ರ ಬರೆಸಿಕೊಂಡರೆ ಆಗುವುದು ಇದೇ. ಅದರ ದಂಡ ಕೇಳಿದರೆ ನಗು ಬರುತ್ತದೆ: ಮೊದಲ ಸಲ ಹತ್ತರಿಂದ ಐವತ್ತು ರೂಪಾಯಿ. ಒಂದು ಮಸಾಲೆ ದೋಸೆಯ ಬೆಲೆಯೂ ಅಲ್ಲ.

ಆದ್ದರಿಂದ ದೂರಿನ ಅರ್ಜಿಯಲ್ಲೇ ನ್ಯಾಯ ಸಂಹಿತೆಯ 325ನೇ ಕಲಮನ್ನು ಬರೆಯಿರಿ. ಪ್ರಾಣಿಯನ್ನು ಕೊಲ್ಲುವುದು, ವಿಷ ಹಾಕುವುದು, ಅಂಗ ಊನ ಮಾಡುವುದು, ನಿರುಪಯುಕ್ತಗೊಳಿಸುವುದು ಇದರಲ್ಲಿ ಬರುತ್ತವೆ. ಐದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ. ಇದರಲ್ಲಿ ಪೊಲೀಸರು ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆಯೇ ಎಫ್‌ಐಆರ್ ದಾಖಲಿಸಿ ತನಿಖೆ ನಡೆಸಬಹುದು. ವೈದ್ಯರ ಕಾಗದದಲ್ಲಿ ‘ಊನ’ ಎನ್ನುವ ಪದದ ಬೆಲೆ ಇಲ್ಲಿ ತಿಳಿಯುತ್ತದೆ. ಜೊತೆಗೆ ಹಿಂಸೆ ತಡೆ ಕಾಯ್ದೆಯ 11(1)(ಎಲ್), ಅಂದರೆ ಅಂಗಚ್ಛೇದ ಅಥವಾ ಕ್ರೂರ ಹತ್ಯೆ, ಅನ್ವಯಿಸಿದರೆ ಸೇರಿಸಿ. ಅದಕ್ಕೂ ಪೊಲೀಸರು ವಾರಂಟಿಲ್ಲದೆ ಹಿಡಿಯಬಹುದು. ಪ್ರಾಣಿಗಳ ಮೇಲಿನ ಕ್ರೌರ್ಯಕ್ಕೆ ಇರುವ ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 119ನ್ನೂ ಹಾಕಿಸಿ. ಘಟನೆ 2024ರ ಜುಲೈ 1ಕ್ಕಿಂತ ಹಿಂದಿನದಾದರೆ ಹಳೆಯ 377 ಈಗಲೂ ಅನ್ವಯಿಸುತ್ತದೆ, ಹಾಗಾಗಿ ದಿನಾಂಕ ಸರಿಯಾಗಿ ಬರೆಯಿರಿ.

ಅರ್ಜಿಯಲ್ಲಿ ಇನ್ನೊಂದು ಸಾಲು. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂದು ಹೊಸ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. 377 ಇದ್ದಿದ್ದರೆ ಬರುತ್ತಿದ್ದರು. 325ರ ಐದು ವರ್ಷಕ್ಕೆ ಬರಬೇಕಿಲ್ಲ. ಅದಕ್ಕೇ ‘ಮಾದರಿಗಳನ್ನು ಕಲೀನಾದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸಬೇಕು, ಹಿಂಸೆ ತಡೆ ಕಾಯ್ದೆಯ 34ನೇ ಕಲಮಿನಂತೆ ಪ್ರಾಣಿಯನ್ನು ಪರೀಕ್ಷೆಗೆ ಒಳಪಡಿಸಬೇಕು’ ಎಂದು ನೀವೇ ಬರೆದು ಕೊಡಿ.

ಎಫ್‌ಐಆರ್ ಬರೆದುಕೊಳ್ಳದಿದ್ದರೆ ಜಗಳ ಬೇಡ. ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಡಿಸಿಪಿಗೆ ಕಳುಹಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟು. ‘ಇದು ನಮ್ಮ ಏರಿಯಾ ಅಲ್ಲ’ ಎಂದು ವಾಪಸು ಕಳಿಸುವಂತಿಲ್ಲ, ಯಾವ ಠಾಣೆಯಲ್ಲಾದರೂ ದೂರು ಪಡೆಯಬೇಕು. ಎಫ್‌ಐಆರ್‌ನ ಪ್ರತಿ ಉಚಿತ.

ಸಿಸಿಟಿವಿ ಇದ್ದರೆ ಆ ದಿನವೇ ಸೊಸೈಟಿಯ ಸೆಕ್ರೆಟರಿಗೆ ಬರೆದು ಕೊಡಿ, ಹಳೆಯ ರೆಕಾರ್ಡಿನ ಮೇಲೆ ಹೊಸದು ಬರೆದುಕೊಳ್ಳುತ್ತದೆ. ದೃಶ್ಯ ಪೊಲೀಸರಿಗೆ ಮಾತ್ರ. ‘ಇಂಥವನಿಗೆ ಬುದ್ಧಿ ಬರಲಿ’ ಎಂದು ವಾಟ್ಸ್‌ಆ್ಯಪಿನಲ್ಲಿ ಹಂಚಿದರೆ ಅಶ್ಲೀಲ ದೃಶ್ಯ ಹಂಚುವುದನ್ನು ಶಿಕ್ಷಿಸುವ ಐಟಿ ಕಾಯ್ದೆಯ 67, 67ಎ ಕಲಮುಗಳು ನಿಮ್ಮನ್ನೇ ಸುತ್ತಿಕೊಳ್ಳಬಹುದು.

ಕಾಡುಪ್ರಾಣಿಯಾದರೆ ದಾರಿ ಬೇರೆ. 2022ರಲ್ಲಿ ಸಹ್ಯಾದ್ರಿ ಹುಲಿ ಮೀಸಲು ಪ್ರದೇಶದಲ್ಲಿ ಉಡದ ಮೇಲೆ ನಡೆದ ಇಂಥದೇ ಕೃತ್ಯದ ದೃಶ್ಯ ಆರೋಪಿಯ ಮೊಬೈಲಿನಲ್ಲಿ ಸಿಕ್ಕಿತು. ಅಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ಕೈಗೆ ಬಂತು. ಅರಣ್ಯ ಇಲಾಖೆಗೆ ತಿಳಿಸಬೇಕು.

ಹೋಟೆಲಿನವರ ಕೇಸು ಮೊದಲು ಎನ್‌ಸಿಯಲ್ಲೇ ಮುಗಿಯುವುದರಲ್ಲಿತ್ತು. ಹಿಂಸೆ ತಡೆ ಕಾಯ್ದೆಯಡಿ ಮೊಕದ್ದಮೆ ಹೂಡಲು ಘಟನೆಯಿಂದ ಮೂರು ತಿಂಗಳ ಗಡುವು ಎಂದು ನಾನು ಹೇಳಿದ ಮೇಲೆ, ಗಲ್ಲಾದ ಹಿಂದಿನ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಕೊನೆಯ ದಿನಕ್ಕೆ ಕೆಂಪು ಸುತ್ತು ಹಾಕಿದರು. ಡಿಸಿಪಿಗೆ ಅಂಚೆ ಹೋದ ಮೇಲೆ ಎಫ್‌ಐಆರ್ ಆಯಿತು. ಸುತ್ತು ಹಾಕಿದ ದಿನಕ್ಕೆ ಇನ್ನೂ ಹನ್ನೊಂದು ದಿನ ಬಾಕಿ ಇತ್ತು.