ಅಂಗಡಿಗೆ ಡಬ್ಬಿ ಒಯ್ಯುವವರಿಗೊಂದು ಸಲಹೆ

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಾಗಲಿ, ನಮ್ಮ ಬಡಾವಣೆಯ ದಿನಸಿ ಅಂಗಡಿಯಲ್ಲಾಗಲಿ ಹಲವರು ಬಟ್ಟೆಚೀಲ ಹಿಡಿದೇ ಬರುತ್ತಾರೆ. ಆದರೆ ಆ ಚೀಲದೊಳಗೆ ಬೇಳೆ, ಅವಲಕ್ಕಿ, ದೋಸೆಹಿಟ್ಟು ಎಲ್ಲವೂ ಬೇರೆಬೇರೆ ಪ್ಲಾಸ್ಟಿಕ್ ಕವರುಗಳಲ್ಲೇ ಕುಳಿತಿರುತ್ತವೆ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ 2016ರಿಂದಲೇ ನಿಷೇಧವಿದ್ದರೂ ಚೀಲದೊಳಗಿನ ಈ ಕವರುಗಳ ಕಡೆಗೆ ನಮ್ಮ ಗಮನ ಅಷ್ಟಾಗಿ ಹೋಗಿಲ್ಲ.

ಆದ್ದರಿಂದ ಹಿಟ್ಟು, ಮೊಸರು, ಮಾಂಸದಂತಹ ಹಸಿ ಪದಾರ್ಥಗಳಿಗೆ ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಗಳನ್ನೂ, ಕಾಳುಗಳಿಗೆ ದಾರ ಎಳೆದು ಬಿಗಿಯುವ ಸಣ್ಣ ಬಟ್ಟೆಚೀಲಗಳನ್ನೂ ಒಯ್ಯಿರಿ. ಡಬ್ಬಿಯ ತೂಕಕ್ಕೂ ದುಡ್ಡು ತೆರಬೇಕಾದೀತೆಂಬ ಅನುಮಾನ ಸಹಜವೇ. ಖಾಲಿ ಡಬ್ಬಿಯನ್ನು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟು 'ಟೇರ್' ಗುಂಡಿ ಒತ್ತಿಸಿದರೆ ಅಂಕಿ ಸೊನ್ನೆಗೆ ಬಂದು, ಅನಂತರ ಹಾಕಿದ ಪದಾರ್ಥದ ತೂಕವಷ್ಟೇ ಕಾಣಿಸುತ್ತದೆ. ನಾನಂತೂ ಪ್ರತಿ ಡಬ್ಬಿಯ ತಳದಲ್ಲಿ ಅದರ ತೂಕವನ್ನು ಬರೆದಿಟ್ಟಿದ್ದೇನೆ. ಭಾನುವಾರದ ನೂಕುನುಗ್ಗಲಿನಲ್ಲಿ ಅದೇ ಸಲೀಸು.

ಬಟ್ಟೆಯಂತೆ ಕಾಣುವ ನಾನ್‌ವೋವನ್ ಚೀಲವೂ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ, ಅದಕ್ಕೆ ಮೋಸಹೋಗಬೇಡಿ. ಹಾಲಿನ ಪೊಟ್ಟಣವನ್ನು ಸದ್ಯಕ್ಕೆ ತಪ್ಪಿಸಲಾಗದು. ಆದರೆ ಮೂಲೆಯನ್ನು ಪೂರ್ತಿ ಕತ್ತರಿಸಿ ಎಸೆಯದೆ, ತುಣುಕು ಪೊಟ್ಟಣಕ್ಕೇ ಅಂಟಿಕೊಂಡಿರುವಂತೆ ಸೀಳಿ, ತೊಳೆದು ಒಣಗಿಸಿ ಒಣಕಸದವರಿಗೆ ಕೊಡಿ, ಏಕೆಂದರೆ ಬಿಡಿ ತುಣುಕನ್ನು ಯಾರೂ ಆಯ್ದುಕೊಳ್ಳುವುದಿಲ್ಲ.