ಎರಡು ಪದ್ಯಕ್ಕೂ ಒಂದೇ ಪ್ರಶ್ನೆ

ಹೋದ ಚಳಿಗಾಲದಲ್ಲಿ ಒಂದು ಸಂಜೆ ಮಗಳು ಇಂಗ್ಲಿಷ್ ಸಾಹಿತ್ಯದ ಮಾಕ್ ಪರೀಕ್ಷೆಯ ಉತ್ತರಪತ್ರಿಕೆಯನ್ನು ಊಟದ ಮೇಜಿನ ಮೇಲಿಟ್ಟು, ಏನೂ ಹೇಳದೆ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಪದ್ಯಗಳನ್ನು ಹೋಲಿಸುವ ಪ್ರಶ್ನೆಗೆ 30ಕ್ಕೆ 13. ಮೊದಲ ಪುಟ ಪೂರ್ತಿ ಶೆಲ್ಲಿಯ ‘ಒಜಿಮಾಂಡಿಯಸ್’, ಎರಡನೆಯ ಪುಟ ಪೂರ್ತಿ ಬ್ರೌನಿಂಗ್‌ನ ‘ಮೈ ಲಾಸ್ಟ್ ಡಚೆಸ್’. ನಡುವೆ ಸೇತುವೆಯಂತೆ ‘ಸಿಮಿಲರ್ಲಿ’ ಅನ್ನುವ ಒಂದೇ ಒಂದು ಪದ. ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ. ಶೆಲ್ಲಿಯದು 14 ಸಾಲಿನ ಸಾನೆಟ್ ಎಂದು ಗುರುತಿಸಿದ್ದಳು, ಪ್ರಾಸ ಹೇಳಿದ್ದಳು, ರೂಪಕಗಳಿಗೆ ಗೀಟು ಹಾಕಿದ್ದಳು. ಆದರೆ ಹೋಲಿಸಿರಲಿಲ್ಲ.

ನಾವಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಇಲ್ಲಿ ಹದಿನಾರರ ಹೊತ್ತಿಗೆ ಮಕ್ಕಳು ಬರೆಯುವ ಜಿಸಿಎಸ್‌ಇ ಪರೀಕ್ಷೆಗೆ ಎಕ್ಯೂಎ ಎಂಬ ಪರೀಕ್ಷಾ ಮಂಡಳಿಯ ‘ಅಧಿಕಾರ ಮತ್ತು ಸಂಘರ್ಷ’ ಎಂಬ ಗುಂಪಿನಲ್ಲಿ 15 ಪದ್ಯಗಳಿವೆ. ಪರೀಕ್ಷೆಯಲ್ಲಿ ಒಂದನ್ನು ಅಚ್ಚು ಹಾಕಿ ಕೊಡುತ್ತಾರೆ, ಜೊತೆಗಿಡುವ ಇನ್ನೊಂದನ್ನು ಮಕ್ಕಳೇ ನೆನಪಿನಿಂದ ತರಬೇಕು. ಪುಸ್ತಕ ನೋಡುವಂತಿಲ್ಲ, ಸಿಗುವ ಹೊತ್ತು ಮುಕ್ಕಾಲು ಗಂಟೆ. ನಾನು ಮೈಸೂರಿನಲ್ಲಿ ಕನ್ನಡ ಎಂಎ ಮಾಡಿದವಳು. ಪದ್ಯ ತಾನೇ, ಹೇಳಿಕೊಡೋಣ ಎಂದು ಕೂತೆ.

ಮೊದಲು ಮಾಡಿದ್ದು ತಪ್ಪು ಕೆಲಸ. ನಾನೇ ಎರಡು ಪದ್ಯಗಳ ಮೇಲೆ ಚಂದದ ಪ್ರಬಂಧವೊಂದನ್ನು ಬರೆದುಕೊಟ್ಟೆ, ಅವಳು ಬಾಯಿಪಾಠ ಮಾಡಿದಳು. ಮುಂದಿನ ಕಿರುಪರೀಕ್ಷೆಯಲ್ಲಿ ಅಚ್ಚಾಗಿ ಬಂದದ್ದು ಬೇರೆ ಪದ್ಯ. ನನ್ನ ಪ್ರಬಂಧ ಅದಕ್ಕೆ ಹೊಂದಲಿಲ್ಲ, ಹೊಸದಾಗಿ ಯೋಚಿಸುವ ಅಭ್ಯಾಸ ಅವಳಿಗೆ ಆಗಿರಲಿಲ್ಲ. ಅವಳು ಆ ಹಾಳೆಯನ್ನು ಮಡಚಿ ನನ್ನ ಕೈಗೇ ವಾಪಸ್ ಕೊಟ್ಟಳು. ಹದಿನೈದು ವರ್ಷದ ಹುಡುಗಿಯ ಬಾಯಲ್ಲಿ ನನ್ನ ಮಾತು ತುರುಕಿದ್ದಕ್ಕೆ ನನಗೆ ಈಗಲೂ ಬೇಸರವಿದೆ.

ಆಮೇಲೆ ಪಠ್ಯವನ್ನು ಬದಿಗಿಟ್ಟು, ಪಠ್ಯದಲ್ಲಿಲ್ಲದ ಪದ್ಯವೊಂದನ್ನು ಹುಡುಕಿ ತಂದೆ. ಶೆಲ್ಲಿ ‘ಒಜಿಮಾಂಡಿಯಸ್’ ಬರೆದದ್ದು ಗೆಳೆಯ ಹೊರೇಸ್ ಸ್ಮಿತ್ ಜೊತೆ ಪಂದ್ಯ ಕಟ್ಟಿ. ಇಬ್ಬರಿಗೂ ವಸ್ತು ಒಂದೇ: ಈಜಿಪ್ಟಿನ ಮರಳಿನಲ್ಲಿ ಮುರಿದು ಬಿದ್ದ ರಾಜನ ವಿಗ್ರಹ, ಅದರ ಬುಡದ ಜಂಬದ ಶಾಸನ. ಇಬ್ಬರೂ ಬರೆದದ್ದು ಸಾನೆಟ್. ‘ದಿ ಎಕ್ಸಾಮಿನರ್’ ಪತ್ರಿಕೆಯಲ್ಲಿ ಶೆಲ್ಲಿಯದು 1818ರ ಜನವರಿಯಲ್ಲಿ, ಸ್ಮಿತ್‌ನದು ಫೆಬ್ರವರಿಯಲ್ಲಿ ಅಚ್ಚಾಯಿತು. ಹೋಲಿಕೆ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಗೊತ್ತಿಲ್ಲ. ವಸ್ತು, ಛಂದಸ್ಸು, ಕಾಲ ಎಲ್ಲವೂ ಒಂದೇ ಆದಾಗ ಉಳಿಯುವುದು ಕವಿ ಮಾಡಿದ ಆಯ್ಕೆ ಮಾತ್ರ.

ಎರಡನ್ನೂ ಅಕ್ಕಪಕ್ಕ ಇಟ್ಟು ಒಂದೇ ಪ್ರಶ್ನೆ ಕೇಳಿದೆ: “ರಾಜ ಎಷ್ಟು ಸಾಲು ಮಾತಾಡ್ತಾನೆ? ಅವನು ಬಾಯಿ ಮುಚ್ಚಿದ ಮೇಲೆ ಯಾರು ಮಾತಾಡ್ತಾರೆ?” ಅವಳು ಬೆರಳಿಟ್ಟು ಎಣಿಸಿದಳು. ಶೆಲ್ಲಿಯ 14 ಸಾಲಿನಲ್ಲಿ ರಾಜನಿಗೆ ಸಿಕ್ಕಿದ್ದು ಎರಡು. ಅದಾದ ತಕ್ಷಣ ‘ನಥಿಂಗ್’ ಎಂದು ಶುರುವಾಗುವ ಪುಟ್ಟ ವಾಕ್ಯ, ಆಮೇಲೆ ಬರೀ ಮರಳು. ಸ್ಮಿತ್ ಹಾಗೆ ಬಿಡುವುದಿಲ್ಲ. ಮುಂದೊಂದು ದಿನ ಬೇಟೆಗಾರನೊಬ್ಬ ತೋಳದ ಬೆನ್ನು ಹತ್ತಿ ಹಾಳುಬಿದ್ದ ಲಂಡನ್ನಿಗೆ ಬಂದು, ಇಲ್ಲಿ ಯಾರಿದ್ದರೋ ಎಂದು ಬೆರಗಾಗುತ್ತಾನೆ ಎಂದು ಬಿಡಿಸಿ ಹೇಳುತ್ತಾನೆ. “ಇವನು ಎಚ್ಚರಿಸ್ತಾನೆ, ಅವನು ತೋರಿಸಿ ಸುಮ್ಮನಾಗ್ತಾನೆ” ಅಂದಳು ಮಗಳು. ಅವಳ ಬಾಯಿಂದ ಬಂದ ಮೊದಲ ಹೋಲಿಕೆಯ ವಾಕ್ಯ ಅದು.

ಮುಂದಿನ ಶನಿವಾರ ರೈಲು ಹತ್ತಿ ಬ್ರಿಟಿಷ್ ಮ್ಯೂಸಿಯಂಗೆ ಹೋದೆವು. ಅಲ್ಲಿ ಎರಡನೆಯ ರಾಮ್ಸೆಸ್‌ನ ಬೃಹತ್ ಶಿಲಾಮುಖವಿದೆ. ಒಜಿಮಾಂಡಿಯಸ್ ಅನ್ನುವುದು ಅದೇ ರಾಜನಿಗೆ ಗ್ರೀಕರು ಕರೆದ ಹೆಸರು. ಏಳು ಟನ್ನಿಗೂ ಮೀರಿದ ಆ ಕಲ್ಲನ್ನು 1816ರಲ್ಲಿ ಇಟಲಿಯ ಬೆಲ್ಜೋನಿ ಎಂಬ ಸಾಹಸಿ ಈಜಿಪ್ಟಿನ ಥೀಬ್ಸ್‌ನಿಂದ ಸಾಗಿಸಿದ. ಶೆಲ್ಲಿ ಪದ್ಯ ಬರೆಯುವಾಗ ಅದಿನ್ನೂ ಲಂಡನ್ ಮುಟ್ಟಿರಲಿಲ್ಲ, ಅವನು ಅದನ್ನು ಕಂಡಿರಲಿಲ್ಲ. ಮಗಳು ಅದರ ಮುಂದೆ ಬಹಳ ಹೊತ್ತು ನಿಂತಳು. “ಅಮ್ಮಾ, ಇವನು ನಗ್ತಾ ಇದ್ದಾನೆ.” ಹೌದು, ತುಟಿಯ ಅಂಚಿನಲ್ಲಿ ಶಾಂತವಾದ ಕಿರುನಗೆ. ಶೆಲ್ಲಿಯ ರಾಜನಿಗಿರುವುದೋ ಗಂಟಿಕ್ಕಿದ ಹುಬ್ಬು, ಸುಕ್ಕುಗಟ್ಟಿದ ತುಟಿ, ಅಪ್ಪಣೆ ಕೊಟ್ಟೂ ಕೊಟ್ಟೂ ತಣ್ಣಗಾದ ತಾತ್ಸಾರ. ಹಾಗಾದರೆ ಆ ತಾತ್ಸಾರ ಕಲ್ಲಿನಲ್ಲಿದ್ದದ್ದಲ್ಲ, ಕವಿ ತಂದು ಇಟ್ಟದ್ದು. ಏಕೆ ಇಟ್ಟ? ಈ ಪ್ರಶ್ನೆಯೇ ವಿಶ್ಲೇಷಣೆ. ‘ಕವಿ ಇಲ್ಲಿ ವಿಶೇಷಣ ಬಳಸಿದ್ದಾನೆ’ ಎಂದು ಬರೆಯುತ್ತಿದ್ದ ಹುಡುಗಿಗೆ, ಆ ವಿಶೇಷಣ ಬೇರೆಯೂ ಆಗಬಹುದಿತ್ತು ಎಂಬುದು ಅವತ್ತು ಕಣ್ಣಿಗೆ ಕಂಡಿತು.

ವಾಪಸ್ ಬರುವಾಗ ರೈಲಿನಲ್ಲಿ ಅವಳಿಗೆ ಪಂಪನ ಕಥೆ ಹೇಳಿದೆ. 941ರ ‘ಆದಿಪುರಾಣ’ದಲ್ಲಿ ಭರತ ಚಕ್ರವರ್ತಿ ದಿಗ್ವಿಜಯ ಮಾಡುತ್ತ, ತನ್ನ ಪ್ರಶಸ್ತಿಯನ್ನು, ಅಂದರೆ ಹೊಗಳಿಕೆಯ ಶಾಸನವನ್ನು, ಕೆತ್ತಿಸಬೇಕೆಂದು ವೃಷಭಾಚಲಕ್ಕೆ ಬರುತ್ತಾನೆ. ಹತ್ತಿರ ಹೋಗಿ ನೋಡಿದರೆ ಬೆಟ್ಟದ ಮೈತುಂಬ ಹಿಂದಿನ ಚಕ್ರವರ್ತಿಗಳ ಪ್ರಶಸ್ತಿಗಳು, ಒಂದು ಹೆಸರಿಗೂ ತೆರಪಿಲ್ಲ. ಅವನ್ನು ಓದುತ್ತ ಓದುತ್ತ ಅವನ ಗರ್ವರಸ ಸೋರಿಹೋಯಿತು ಎನ್ನುತ್ತಾನೆ ಪಂಪ. ‘ಸೋರ್ದುದು’ ಅನ್ನುವ ಆ ಪದ ನನಗೆ ಕ್ಲಾಸಿನಲ್ಲಿ ಮೊದಲ ಸಲ ಕೇಳಿದಾಗಿನಿಂದ ಮರೆತಿಲ್ಲ. ಗರ್ವ ಒಡೆಯುವುದಿಲ್ಲ, ಮುರಿಯುವುದಿಲ್ಲ, ತೂತುಬಿದ್ದ ಕೊಡದ ನೀರಿನ ಹಾಗೆ ಸೋರುತ್ತದೆ. ಆಮೇಲೆ ಅವನು ಮಾಡುವುದೇನು? ಹಿಂದಿನವನೊಬ್ಬನ ಬರಹವನ್ನು ಅಳಿಸಿ, ಆ ಜಾಗದಲ್ಲಿ ತನ್ನದನ್ನು ಬರೆಸುತ್ತಾನೆ.

“ಗೊತ್ತಾದ ಮೇಲೂ ಬರೆಸಿದನಾ?” ಎಂದು ಮಗಳು ಕೇಳಿದಳು.

ಶೆಲ್ಲಿ, ಪಂಪ ಇಬ್ಬರಲ್ಲೂ ಇರುವುದು ಕಲ್ಲು, ಅದರ ಮೇಲಿನ ಹೆಸರು, ಅದನ್ನು ಓದುವವನು. ಶೆಲ್ಲಿಯಲ್ಲಿ ಓದುವವನು ದಾರಿಹೋಕ, ರಾಜ ಸತ್ತು ಯುಗಗಳಾಗಿವೆ, ಅವಮಾನ ಅವನನ್ನು ತಟ್ಟುವುದಿಲ್ಲ. ಪಂಪನಲ್ಲಿ ಓದುವವನು ರಾಜನೇ, ಬದುಕಿದ್ದಾನೆ, ನಾಚಿಕೆ ಅವನಿಗೇ ಆಗುತ್ತದೆ. ಅದೂ ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿದ್ದ ಕವಿ ಬರೆದದ್ದು. ಪರೀಕ್ಷೆಯಲ್ಲಿ ಪಂಪನನ್ನು ತರುವಂತಿಲ್ಲ. ಆದರೆ ಎರಡು ಪದ್ಯಗಳಲ್ಲೂ ಇರುವ ಒಂದು ವಸ್ತುವನ್ನು ಹಿಡಿದುಕೊಂಡು, ಅದು ಯಾರ ಕೈಯಲ್ಲಿದೆ ಎಂದು ಕೇಳುವುದನ್ನು ಅವಳು ಕಲಿತದ್ದು ಆ ರೈಲಿನಲ್ಲಿ.

ಮನೆಗೆ ಬಂದು 13 ಅಂಕದ ಉತ್ತರವನ್ನೇ ತಿರುಗಿ ಬರೆಯಲು ಕೂತಳು. ಬ್ರೌನಿಂಗ್‌ನ ಡ್ಯೂಕ್ ತನ್ನ ಸತ್ತ ಹೆಂಡತಿಯ ಚಿತ್ರವನ್ನು ಪರದೆಯ ಹಿಂದೆ ಇಟ್ಟಿದ್ದಾನೆ, ಪರದೆ ಸರಿಸುವ ಹಕ್ಕು ಅವನೊಬ್ಬನದು. ಒಜಿಮಾಂಡಿಯಸ್‌ನ ಶಿಲ್ಪಿ ರಾಜನ ಒಳಗನ್ನು ಸರಿಯಾಗಿ ಓದಿ ಕಲ್ಲಿನಲ್ಲಿ ಬಯಲು ಮಾಡಿದ್ದಾನೆ. ಒಂದು ಕಡೆ ಕಲೆ ಅಧಿಕಾರದ ಕೈತಪ್ಪಿ ಹೋಗಿದೆ, ಇನ್ನೊಂದು ಕಡೆ ಅಧಿಕಾರವೇ ಕಲೆಗೆ ಬೀಗ ಹಾಕಿದೆ. ಈ ಸಲ ಪ್ರತಿ ಪ್ಯಾರಾದಲ್ಲೂ ಎರಡೂ ಪದ್ಯಗಳಿದ್ದವು. ‘ಸಿಮಿಲರ್ಲಿ’ ಒಂದು ಕಡೆಯೂ ಬರಲಿಲ್ಲ, ಬೇಕಾಗಲಿಲ್ಲ.

ಯುದ್ಧದ ಪದ್ಯಗಳಿಗೆ ಹೋದಾಗ ದಾರಿ ಬದಲಿಸಬೇಕಾಯಿತು, ಏಕೆಂದರೆ ಅಲ್ಲಿ ವಸ್ತುವಿಗಿಂತ ಮೊದಲು ಕಿವಿಗೆ ಬೀಳುವುದು ಸದ್ದು. ಟೆನಿಸನ್‌ನ ‘ದಿ ಚಾರ್ಜ್ ಆಫ್ ದಿ ಲೈಟ್ ಬ್ರಿಗೇಡ್’ ಪದ್ಯವನ್ನು ಮೇಜಿನ ಮೇಲೆ ಬೆರಳು ಬಡಿಯುತ್ತ ಓದಿಸಿದೆ. ಹಾಫ್ ಅ ಲೀಗ್, ಹಾಫ್ ಅ ಲೀಗ್. ಒಂದು ಜೋರು, ಎರಡು ಹಗುರ. ನನ್ನ ಬಾಯಿಗೆ ತಾನಾಗಿ ಬಂದದ್ದು “ಗುರು ಲಘು ಮೊದಲಲ್ಲಿ ಬರಲು ಭಯಗಣಮೆಂಬರ್”. ಗುರು ಮುಂದೆ, ಹಿಂದೆ ಎರಡು ಲಘು: ನಮ್ಮ ಭಗಣ. ಇಂಗ್ಲಿಷಿನಲ್ಲಿ ಲೆಕ್ಕ ಒತ್ತಿನದು, ನಮ್ಮಲ್ಲಿ ಮಾತ್ರೆಯದು, ಆ ವ್ಯತ್ಯಾಸವನ್ನೂ ಹೇಳಿದೆ. ಆದರೆ ಬೆರಳಿಗೆ ಸಿಕ್ಕಿದ್ದು ಅದೇ ಕುದುರೆಯ ಓಟ. ಅದಾದ ಮೇಲೆ ಟೆಡ್ ಹ್ಯೂಸ್‌ನ ‘ಬಯೊನೆಟ್ ಚಾರ್ಜ್’ ಓದುತ್ತ ಬಡಿಯಲು ಹೇಳಿದೆ. ಬೆರಳು ತಡವರಿಸಿತು. ಸಾಲು ಮುಗಿದರೂ ವಾಕ್ಯ ಮುಗಿಯುವುದಿಲ್ಲ, ವಾಕ್ಯ ಮುಗಿದಾಗ ಉಸಿರು ಉಳಿದಿರುವುದಿಲ್ಲ. ಹೆಂಟೆಗಳ ಹೊಲದಲ್ಲಿ ಎಡವುತ್ತ ಓಡುವ ಕಾಲಾಳು ಅವನು, ತಾಳ ಹಾಕಿ ಓಡಲಾರ.

“ಈಗ ಹೇಳು, ಎಷ್ಟು ಜನ ಓಡ್ತಿದ್ದಾರೆ?”

ಟೆನಿಸನ್‌ನ ಆರು ಭಾಗಗಳೂ ‘ಸಿಕ್ಸ್ ಹಂಡ್ರೆಡ್’ ಎಂಬ ಮಾತಿನಲ್ಲೇ ಮುಗಿಯುತ್ತವೆ. ಮೊದಲ ಮೂರರಲ್ಲಿ ಆರುನೂರು ಜನ ನುಗ್ಗುತ್ತಾರೆ, ನಾಲ್ಕನೆಯದರಲ್ಲಿ ಮರಳಿದವರು ಆರುನೂರಲ್ಲ, ಐದನೆಯದರಲ್ಲಿ ಆರುನೂರರಲ್ಲಿ ಉಳಿದವರು, ಆರನೆಯದರಲ್ಲಿ ಮತ್ತೆ ಆರುನೂರು, ಈಗ ಘನತೆವೆತ್ತ ಆರುನೂರು. ಜನ ಸತ್ತರೂ ಅಂಕಿ ಇಳಿಯುವುದಿಲ್ಲ ಎಂದು ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದು ಅವಳೇ. ಹ್ಯೂಸ್‌ನಲ್ಲಿ ಇರುವವನು ಒಬ್ಬನೇ, ಅವನಿಗೆ ಹೆಸರೂ ಇಲ್ಲ. ರಾಜ, ಗೌರವ, ಮನುಷ್ಯನ ಘನತೆ, ‘ಎಟ್‌ಸೆಟ್ರಾ’ ಎಲ್ಲವೂ ಅವನ ಕೈಯಿಂದ ಐಷಾರಾಮಿ ವಸ್ತುಗಳ ಹಾಗೆ ಉದುರುತ್ತವೆ. ನಮ್ಮ ಶಾಸನಗಳಲ್ಲಿ ರಾಜನ ಬಿರುದುಗಳು ಸಾಲುಸಾಲಾಗಿ ಬರುತ್ತವಲ್ಲ, ಆ ಪಟ್ಟಿಯ ನಡುವೆ ಬೇಸತ್ತು ಯಾರೋ ‘ಇತ್ಯಾದಿ’ ಎಂದು ಬಿಟ್ಟರೆ ಹೇಗಿರುತ್ತದೆ ಎಂದು ಕೇಳಿದೆ. ಆ ಒಂದು ಪದದ ಮೇಲೆ ಅವಳು ಅರ್ಧ ಪುಟ ಬರೆದಳು.

ಅಧಿಕಾರ ಎಲ್ಲಿದೆ ಎಂಬ ಪ್ರಶ್ನೆಯನ್ನೂ ಎರಡಕ್ಕೂ ಕೇಳಿದೆವು. ಟೆನಿಸನ್‌ನಲ್ಲಿ ತಪ್ಪು ಆಜ್ಞೆ ಕೊಟ್ಟವರು ‘ಯಾರೋ’. ಹ್ಯೂಸ್‌ನಲ್ಲಿ ಅದು ನಕ್ಷತ್ರಗಳ, ರಾಷ್ಟ್ರಗಳ ತಣ್ಣನೆಯ ಗಡಿಯಾರದ ಯಂತ್ರ. ಎರಡರಲ್ಲೂ ಹೊಣೆ ಹೊರುವ ಮುಖ ಕಾಣುವುದಿಲ್ಲ. ಟೆನಿಸನ್ ಅದನ್ನು ಒಂದು ಸಾಲಿನಲ್ಲಿ ದಾಟಿ ವೀರರ ಕಡೆ ತಿರುಗುತ್ತಾನೆ, ಹ್ಯೂಸ್‌ನ ಸೈನಿಕ ಆ ಯೋಚನೆ ಬಂದು ಓಟದ ನಡುವೆ ಹೆಚ್ಚುಕಡಿಮೆ ನಿಂತೇಬಿಡುತ್ತಾನೆ.

ಹಿನ್ನೆಲೆಯ ಸಂಗತಿಗಳನ್ನು ಇಂಥ ಕಡೆ ಮಾತ್ರ ತರಲು ಹೇಳಿದೆ. ಶುರುವಿನಲ್ಲೇ ಕವಿ ಹುಟ್ಟಿದ್ದು ಯಾವಾಗ ಎಂದು ಬರೆದರೆ ಹೊತ್ತು ಹಾಳು. ಟೆನಿಸನ್ ಏಕೆ ಬೇಗ ದಾಟಿದ? ಅವನು ರಾಣಿಯ ಆಸ್ಥಾನಕವಿ. ಪದ್ಯದಲ್ಲಿರುವ, ಕ್ರಿಮಿಯಾ ಯುದ್ಧದ ಬಾಲಾಕ್ಲಾವಾ ಕಾಳಗ ನಡೆದದ್ದು 1854ರ ಅಕ್ಟೋಬರ್ 25ರಂದು, ಅವನು ಪತ್ರಿಕೆಯ ವರದಿ ಓದಿ ಬರೆದ ಪದ್ಯ ಡಿಸೆಂಬರ್ 9ರಂದೇ ಅಚ್ಚಾಯಿತು. ಹ್ಯೂಸ್ ಹುಟ್ಟಿದ್ದು ಮೊದಲ ಮಹಾಯುದ್ಧ ಮುಗಿದ ಮೇಲೆ, 1930ರಲ್ಲಿ. ಆದರೆ ಅವನ ತಂದೆ ಆ ಯುದ್ಧದ ಗ್ಯಾಲಿಪೊಲಿ ರಣರಂಗದಿಂದ ಬದುಕಿ ಬಂದವರು. ಇಬ್ಬರೂ ರಣರಂಗದಲ್ಲಿರಲಿಲ್ಲ. ಒಬ್ಬನಿಗೆ ಯುದ್ಧ ಬಂದದ್ದು ಪತ್ರಿಕೆಯಿಂದ, ಇನ್ನೊಬ್ಬನಿಗೆ ಮನೆಯೊಳಗಿಂದ. ಇಷ್ಟು ಸಾಕು, ಒಂದೊಂದು ವಾಕ್ಯ.

ಸಾಲುಗಳನ್ನು ನೆನಪಿಡುವ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಉದ್ದುದ್ದ ಸಾಲು ಬೇಡ, ಪ್ರತಿ ಪದ್ಯದಿಂದ ಎರಡು ಮೂರು ಪದಗಳ ತುಣುಕು ನಾಲ್ಕೈದು ಇದ್ದರೆ ಸಾಕಾಗುತ್ತದೆ. ಬರೆಯುವ ಮುಂಚೆ ಐದು ನಿಮಿಷ ಸುಮ್ಮನೆ ಕೂತು, ಎರಡಕ್ಕೂ ಕೇಳುವ ಪ್ರಶ್ನೆ ಯಾವುದು ಎಂದು ಗೊತ್ತುಮಾಡಿಕೊಳ್ಳಬೇಕು. ಆ ಐದು ನಿಮಿಷ ಉಳಿಸಲು ಹೋದವರ ಉತ್ತರ ಮತ್ತೆ ಎರಡು ಪುಟಗಳಾಗಿ ಹೋಳಾಗುತ್ತದೆ. ಇದನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳಿದೆ.

ಏಪ್ರಿಲ್‌ನಲ್ಲಿ ಒಂದು ರಾತ್ರಿ ನಾನು ಅಡುಗೆಮನೆಯಲ್ಲಿ ಮಾರನೆಯ ದಿನಕ್ಕೆ ಹೆಸರುಕಾಳು ನೆನೆಹಾಕುತ್ತಿದ್ದೆ. ಅವಳು ಒಳಗಿಂದ ಕೂಗಿದಳು. ಮೇಜಿನ ಮೇಲೆ ಓವೆನ್‌ನ ‘ಎಕ್ಸ್‌ಪೋಷರ್’, ಹೀನಿಯ ‘ಸ್ಟಾರ್ಮ್ ಆನ್ ದಿ ಐಲ್ಯಾಂಡ್’. ಎರಡೂ ‘ನಾವು’ ಎಂದು ಮಾತಾಡುವ ಪದ್ಯಗಳು, ಎರಡರಲ್ಲೂ ಗಾಳಿಯೇ ವೈರಿ, ಅಷ್ಟು ನನಗೂ ಗೊತ್ತಿತ್ತು. ಅವಳು ತೋರಿಸಿದ್ದು ಬೇರೆ. ಕಂದಕದಲ್ಲಿ ಜನ ಹೆಪ್ಪುಗಟ್ಟಿ ಸಾಯುತ್ತಿರುವಾಗ ಓವೆನ್ ಮತ್ತೆ ಮತ್ತೆ ‘ಬಟ್ ನಥಿಂಗ್ ಹ್ಯಾಪನ್ಸ್’ ಎನ್ನುತ್ತಾನೆ, ಅವನ ಪದ್ಯದ ಕೊನೆಯ ಮಾತೂ ಅದೇ. ಹೀನಿ ಕೊನೆಯ ಸಾಲಿನಲ್ಲಿ, ನಾವು ಹೆದರುವುದು ಒಂದು ದೊಡ್ಡ ‘ನಥಿಂಗ್’ಗೆ ಎನ್ನುತ್ತಾನೆ. ಎರಡೂ ಪದಗಳಿಗೆ ಸುತ್ತು ಹಾಕಿದ್ದಳು. ಪಕ್ಕದಲ್ಲಿ ಹಳೆಯ ಹಾಳೆಯೊಂದು ಬಿಚ್ಚಿಕೊಂಡಿತ್ತು, ಶೆಲ್ಲಿಯದು. ಅಲ್ಲಿ, ರಾಜನ ಮಾತು ನಿಂತ ಮುಂದಿನ ಸಾಲಿನ ಮೊದಲ ಪದದ ಮೇಲೂ ಅದೇ ಪೆನ್ಸಿಲಿನ ಸುತ್ತು.

“ಮೂರೂ ಬೇರೆ ಬೇರೆ ‘ನಥಿಂಗ್’ ಅಲ್ವಾ ಅಮ್ಮಾ?” ಅಂದಳು. ಇಷ್ಟು ವರ್ಷ ಪದ್ಯ ಓದಿದ ನನಗೆ ಅದು ಕಂಡಿರಲಿಲ್ಲ. ಒದ್ದೆ ಕೈ ಸೀರೆಗೆ ಒರೆಸಿಕೊಂಡು ಅವಳ ಪಕ್ಕದ ಕುರ್ಚಿ ಎಳೆದು ಕೂತೆ. “ಹೇಗೆ ಬೇರೆ, ಹೇಳು” ಅಂದೆ.